ಪಾದ್ರಿ ಅಜ್ಜನ ಜಾಡು ಹಿಡಿಯುವವರಿಗೆ

ವಂಶವೃಕ್ಷದಲ್ಲಿ ಬಾಸೆಲ್ ಮಿಶನ್ನಿನ ಸುಧಾರಕ ಪಾದ್ರಿಯೊಬ್ಬರಿದ್ದರೆ, ಮನೆಯವರ ಹೊಗಳಿಕೆಯನ್ನು ಸದ್ಯಕ್ಕೆ ಬದಿಗಿಡಿ. ಮೊದಲು ಅವರ ಸಭೆಯ ದೀಕ್ಷಾಸ್ನಾನದ ರಿಜಿಸ್ಟರ್ ನೋಡಿ. ದೀಕ್ಷೆಯಾದಾಗ ಹೆಸರೇ ಬದಲಾಗಿರಬಹುದು: 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯರು ಹರ್ಮನ್ ಆನಂದರಾವ್ ಆದರು. ಹಳೆಯ ಹೆಸರು ಸಿಗದಿದ್ದರೆ ಅದರಾಚೆಗಿನ ತಲೆಮಾರುಗಳೂ ಸಿಗುವುದಿಲ್ಲ.

ಆಮೇಲೆ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ನೋಡಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ ಸಂಗ್ರಹಕ್ಕೂ ಬರೆಯಿರಿ. ಅಲ್ಲಿನ ಹಳೆಯ ಪತ್ರಗಳಲ್ಲಿ ಹೆಚ್ಚಿನವು ಜರ್ಮನ್ ಭಾಷೆಯಲ್ಲಿವೆ, ಅದೂ ಈಗಿನ ಜರ್ಮನ್ನರೇ ತಡವರಿಸುವ ಕುರೆಂಟ್ ಕೈಬರಹದಲ್ಲಿ! ಬಲ್ಲವರ ನೆರವು ಪಡೆಯಿರಿ. ಮಿಶನ್ನಿನ ಪತ್ರ, ವರದಿಗಳು ಮಿಶನರಿಗಳ ಕಣ್ಣಿನಿಂದ ಬರೆದವು. ಅವನ್ನೇ ಪೂರ್ಣ ನಿಜವೆಂದುಕೊಳ್ಳಬೇಡಿ. ಅಜ್ಜ ಬಿಟ್ಟುಬಂದ ಮನೆತನದವರು ಏನು ಹೇಳುತ್ತಾರೆಂದೂ ಕೇಳಿ. ಹಿರಿಯರು ಇರುವಾಗಲೇ ಹೋಗಿ.