ನೋವಿಲ್ಲದ ರಕ್ತಸ್ರಾವವನ್ನು ಅಲಕ್ಷಿಸಬೇಡಿರಿ

ಏಳನೆಯ ತಿಂಗಳ ನಂತರ ಗರ್ಭಿಣಿಗೆ ರಕ್ತ ಹೋದರೆ, ನೋವಿಲ್ಲವೆಂದು ಸುಮ್ಮನಿರಬಾರದು. ಮಗುವನ್ನು ಪೋಷಿಸುವ ಮಾಸು ಕೆಲವರಲ್ಲಿ ಗರ್ಭಕೋಶದ ಕೆಳಭಾಗದಲ್ಲಿ ಬೆಳೆದು ಗರ್ಭದ್ವಾರವನ್ನೇ ಮುಚ್ಚಿರುತ್ತದೆ. ದ್ವಾರವು ಅಗಲವಾದಂತೆ ಮಾಸು ಕಳಚಿಕೊಂಡು ರಕ್ತ ಹರಿಯುತ್ತದೆ.

ಐದನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಮಾಸು ಕೆಳಗಿದ್ದರೆ ಗಾಬರಿ ಬೇಡ. ಗರ್ಭ ಬೆಳೆದಂತೆ ಬಹುಮಂದಿಯಲ್ಲಿ ಅದು ಮೇಲೆ ಸರಿಯುತ್ತದೆ. 32ನೆಯ ವಾರದಲ್ಲಿ ಪುನಃ ಪರೀಕ್ಷಿಸಿಕೊಳ್ಳಿರಿ. ಆಗಲೂ ಕೆಳಗೇ ಇದ್ದರೆ ಭಾರ ಎತ್ತುವುದು, ದೇಹಸಂಪರ್ಕ ಎರಡೂ ವರ್ಜ್ಯ. ತವರಿಗೆ ಹೋಗುವಾಗ ಸ್ಕ್ಯಾನಿಂಗ್ ವರದಿ ಜೊತೆಗಿರಲಿ.

ರಕ್ತ ಕಂಡೊಡನೆ 108ಕ್ಕೆ ಕರೆಮಾಡಿರಿ. ಮನೆಯಲ್ಲಿ ಯಾರಿಂದಲೂ ಒಳಪರೀಕ್ಷೆ ಮಾಡಿಸಕೂಡದು. ಬೆರಳು ತಾಗಿದರೆ ರಕ್ತಸ್ರಾವ ಉಲ್ಬಣಿಸಬಹುದು. ಕಳ್ಳಕವಟಗಿಯಂತಹ ಊರಿನವರು ಹೆರಿಗೆಗೆ ರಕ್ತ ಹಾಗೂ ಶಸ್ತ್ರಚಿಕಿತ್ಸೆ ದೊರೆಯುವ ವಿಜಯಪುರದ ಜಿಲ್ಲಾ ಆಸ್ಪತ್ರೆಯನ್ನೇ ಸೇರಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ 2011ರಿಂದ ಇವೆರಡೂ ಉಚಿತ. ರಕ್ತ ಕೊಡುವವರನ್ನು ಪತಿಯು ಮುಂಚಿತವಾಗಿಯೇ ಗೊತ್ತುಮಾಡಿಕೊಂಡಿರಲಿ.