ರಸ್ತೆಯ ಮಳೆನೀರೂ ಕೋಹೋ ಮೀನಿನ ಮರಣವೂ

ಮಳೆಯ ನೀರು ನಿರ್ಮಲವಾದುದೆಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆಕಾಶದಿಂದ ಬೀಳುವಾಗ ಅದು ಬಹುಮಟ್ಟಿಗೆ ನಿರ್ಮಲವೇ ಸರಿ. ಆದರೆ ನೀರಿಗೆ ಒಂದು ಸ್ವಭಾವವುಂಟು. ತಾನು ಮುಟ್ಟಿದುದನ್ನೆಲ್ಲ ಅಷ್ಟಿಷ್ಟು ಕರಗಿಸಿಕೊಳ್ಳುತ್ತದೆ. ಕರಗದುದನ್ನು ಹೊತ್ತುಕೊಂಡು ಹೋಗುತ್ತದೆ. ಆದುದರಿಂದ ಮಳೆನೀರಿನ ಗುಣವನ್ನು ತಿಳಿಯಬೇಕಾದವರು, ಅದು ಎಲ್ಲಿಂದ ಬಿದ್ದಿತೆಂದು ಕೇಳಿದರೆ ಸಾಲದು. ಯಾವುದರ ಮೇಲೆ ಹರಿದು ಬಂದಿತೆಂದು ಕೇಳಬೇಕು. ಡಾಮರು ರಸ್ತೆಗಳ ಮೇಲೆಯೂ ವಾಹನಗಳನ್ನು ನಿಲ್ಲಿಸುವ ಬಯಲುಗಳ ಮೇಲೆಯೂ ಹರಿಯುವ ನೀರಿನ ವಿಷಯವನ್ನು ಈ ಪಾಠದಲ್ಲಿ ವಿಚಾರಿಸೋಣ. ಅಮೆರಿಕಾ ಸಂಯುಕ್ತ ಸಂಸ್ಥಾನದ ಸಿಯಾಟಲ್ ಪಟ್ಟಣದ ಹಳ್ಳಗಳಲ್ಲಿ ನಡೆದ ಒಂದು ಸಂಗತಿ ಇದಕ್ಕೆ ತಕ್ಕ ಉದಾಹರಣೆಯಾಗಿದೆ.

ಮೊದಲು ರಸ್ತೆಯ ಮೇಲೆ ಏನೇನು ಸೇರಿರುತ್ತದೆಂಬುದನ್ನು ನೋಡೋಣ. ವಾಹನವನ್ನು ತಡೆದು ನಿಲ್ಲಿಸುವಾಗ ಬ್ರೇಕಿನ ತುಂಡುಗಳು ಉಜ್ಜಿ ಸವೆಯುತ್ತವೆ. ಅವುಗಳಿಂದ ತಾಮ್ರದ ಪುಡಿ ಉದುರುತ್ತದೆ. ಟೈರಿನ ರಬ್ಬರನ್ನು ಗಟ್ಟಿಮಾಡುವಾಗ ಸತುವಿನ ಭಸ್ಮವನ್ನು ಸೇರಿಸುವುದರಿಂದ, ರಬ್ಬರು ಸವೆದಂತೆಲ್ಲ ಸತುವೂ ರಸ್ತೆಗೆ ಬೀಳುತ್ತದೆ. ಯಂತ್ರದಿಂದ ಎಣ್ಣೆ ತೊಟ್ಟಿಕ್ಕುತ್ತದೆ. ಹೊಗೆಯಲ್ಲಿಯೂ ಕಲ್ಲಿದ್ದಲಿನ ಡಾಮರಿನಲ್ಲಿಯೂ ಹೈಡ್ರೋಕಾರ್ಬನ್ ಎಂಬ ಜಾತಿಯ ಸಂಯುಕ್ತ ವಸ್ತುಗಳಿವೆ; ಅವುಗಳಲ್ಲಿ ಕೆಲವು ಕ್ಯಾನ್ಸರ್ ರೋಗವನ್ನು ಉಂಟುಮಾಡತಕ್ಕವು. ಟೆಕ್ಸಾಸ್ ಪ್ರಾಂತದ ಆಸ್ಟಿನ್ ಪಟ್ಟಣದಲ್ಲಿ ಹಳ್ಳಗಳ ಕೆಸರಿಗೆ ಇವು ಎಲ್ಲಿಂದ ಬರುತ್ತವೆಂದು ಶೋಧಿಸಿದಾಗ, ವಾಹನ ನಿಲ್ಲಿಸುವ ಬಯಲುಗಳಿಗೆ ಬಳಿಯುತ್ತಿದ್ದ ಕಲ್ಲಿದ್ದಲಿನ ಡಾಮರಿನ ಲೇಪವೇ ಮುಖ್ಯ ಕಾರಣವೆಂದು ಕಂಡುಬಂದಿತು. ೨೦೦೬ರಿಂದ ಆ ಪಟ್ಟಣದಲ್ಲಿ ಅದನ್ನು ನಿಷೇಧಿಸಿದರು. ನಮ್ಮ ದೇಶದಲ್ಲಿಯೂ ೨೦೦೦ನೆಯ ಇಸವಿಯವರೆಗೆ ಪೆಟ್ರೋಲಿಗೆ ಸೀಸವನ್ನು ಬೆರೆಸುವುದುಂಟಾಗಿತ್ತು. ಆ ಸೀಸದ ಅಂಶವು ಹೊಗೆಯೊಡನೆ ಹೊರಟು ರಸ್ತೆಯ ಬದಿಯ ಮಣ್ಣಿನಲ್ಲಿ ಸೇರುತ್ತಿತ್ತು.

ಇವುಗಳೊಳಗೆ ಟೈರಿನ ಪುಡಿಯ ವಿಷಯವು ವಿಶೇಷವಾಗಿ ಆಲೋಚಿಸತಕ್ಕದ್ದು. ಹೊಸ ಟೈರಿನ ಮೈಮೇಲೆ ಆಳವಾದ ಗೀರುಗಳಿರುತ್ತವೆ. ಕೆಲವು ವರ್ಷಗಳಾದ ಮೇಲೆ ಅವು ಸವೆದು ಮೈ ನುಣ್ಣಗಾಗುತ್ತದೆ. ಆಗ ನಾವು ಟೈರನ್ನು ಬದಲಾಯಿಸುತ್ತೇವೆ. ಆದರೆ ಸವೆದುಹೋದ ರಬ್ಬರು ಎಲ್ಲಿಗೆ ಹೋಯಿತೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಅದು ಇಲ್ಲದೆ ಹೋಗಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ರಸ್ತೆಯ ಮೇಲೆ ಬಿದ್ದು, ಮಳೆಯೊಡನೆ ಚರಂಡಿಗೂ, ಚರಂಡಿಯಿಂದ ಹಳ್ಳಕ್ಕೂ ಸೇರಿತು.

ಇನ್ನು ಸಿಯಾಟಲಿನ ವೃತ್ತಾಂತಕ್ಕೆ ಬರೋಣ. ಆ ಸೀಮೆಯಲ್ಲಿ ಕೋಹೋ ಸಾಲ್ಮನ್ ಎಂಬ ಮೀನುಂಟು. ಅದು ಸಿಹಿನೀರಿನ ಹಳ್ಳದಲ್ಲಿ ಮೊಟ್ಟೆಯಿಂದ ಹೊರಟು, ಎಳೆತನವನ್ನು ಅಲ್ಲಿಯೇ ಕಳೆದು, ಸಮುದ್ರಕ್ಕೆ ಇಳಿದು ಬೆಳೆಯುತ್ತದೆ. ಪ್ರಾಯಕ್ಕೆ ಬಂದ ಮೇಲೆ ಶರತ್ಕಾಲದ ಮಳೆಯಿಂದ ಹಳ್ಳಗಳು ತುಂಬಿದಾಗ ತಾನು ಹುಟ್ಟಿದ ನೀರಿಗೇ ಹಿಂದಿರುಗಿ, ಅಲ್ಲಿ ಮೊಟ್ಟೆಯಿಟ್ಟು ಪ್ರಾಣ ಬಿಡುತ್ತದೆ. ೧೯೯೦ರ ದಶಕದಲ್ಲಿ ಸಿಯಾಟಲಿನ ಜನರು, ಹಾಳಾಗಿದ್ದ ಪಟ್ಟಣದ ಹಳ್ಳಗಳನ್ನು ದ್ರವ್ಯ ವೆಚ್ಚಮಾಡಿ ಸರಿಪಡಿಸಿ, ಮೀನುಗಳು ಮರಳಿ ಬರುವಂತೆ ಮಾಡಿದರು. ಮೀನುಗಳೇನೋ ಬಂದವು. ಆದರೆ ಮಳೆಯಾದೊಡನೆ ಅವು ದಿಕ್ಕುತಪ್ಪಿದಂತೆ ನೀರಿನ ಮೇಲ್ಗಡೆಯಲ್ಲಿ ತಿರುಗುತ್ತ, ಬಾಯಿ ತೆರೆಯುತ್ತ, ಮಗ್ಗುಲಿಗೆ ಬಿದ್ದು, ಕೆಲವು ಗಂಟೆಗಳೊಳಗೆ ಸಾಯತೊಡಗಿದವು. ಸತ್ತ ಹೆಣ್ಣುಮೀನುಗಳ ಹೊಟ್ಟೆಯಲ್ಲಿ ಮೊಟ್ಟೆಗಳು ಹಾಗೆಯೇ ಉಳಿದಿದ್ದವು. ಲಾಂಗ್‌ಫೆಲೋ ಎಂಬ ಹಳ್ಳದಲ್ಲಿ ೨೦೦೨ರಿಂದ ೨೦೦೯ರ ವರೆಗೆ ದಿನಂಪ್ರತಿ ಎಣಿಕೆ ಮಾಡಿದಾಗ, ಬಂದ ಮೀನುಗಳಲ್ಲಿ ನೂರಕ್ಕೆ ೬೦ರಿಂದ ೧೦೦ರಷ್ಟು ಮೊಟ್ಟೆಯಿಡುವ ಮುಂಚೆಯೇ ಸಾಯುತ್ತಿದ್ದುವೆಂದು ತಿಳಿಯಿತು. ಪಟ್ಟಣದಿಂದ ದೂರವಾದ ಮತ್ತೊಂದು ಹಳ್ಳದಲ್ಲಿ ೨೦೦೨ರಲ್ಲಿ ಹೀಗೆ ಸತ್ತವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಕಾರಣವೇನು? ಶೋಧಕರು ಒಂದೊಂದನ್ನೇ ಪರೀಕ್ಷಿಸಿ ಬಿಡುತ್ತ ಹೋದರು. ನೀರಿನ ಉಷ್ಣತೆಯಲ್ಲ, ಪ್ರಾಣವಾಯುವಿನ ಕೊರತೆಯಲ್ಲ, ರೋಗವಲ್ಲ, ಹೊಲತೋಟಗಳಿಗೆ ಹಾಕುವ ಕ್ರಿಮಿನಾಶಕವೂ ಅಲ್ಲ. ಲೋಹಗಳನ್ನೂ ಹೈಡ್ರೋಕಾರ್ಬನುಗಳನ್ನೂ ಹಳ್ಳದಲ್ಲಿದ್ದ ಪ್ರಮಾಣದಲ್ಲಿಯೇ ಶುದ್ಧ ನೀರಿಗೆ ಬೆರೆಸಿ ಮೀನುಗಳನ್ನು ಬಿಟ್ಟರು, ಮೀನುಗಳು ಸಾಯಲಿಲ್ಲ. ಹೆದ್ದಾರಿಯಿಂದ ಹರಿದ ಮಳೆನೀರನ್ನು ಹಿಡಿದು ಅದರಲ್ಲಿ ಬಿಟ್ಟರು, ಸತ್ತವು. ಆಶ್ಚರ್ಯವೇನೆಂದರೆ, ಅದೇ ಕುಲಕ್ಕೆ ಸೇರಿದ ಚಮ್ ಸಾಲ್ಮನ್ ಎಂಬ ಮೀನಿಗೆ ಅದೇ ನೀರಿನಲ್ಲಿ ಯಾವ ಕೇಡೂ ಆಗಲಿಲ್ಲ. ಹಾಗಾದರೆ ಹೆಸರು ತಿಳಿಯದ ಯಾವುದೋ ಒಂದು ವಸ್ತು ಆ ನೀರಿನಲ್ಲಿ ಇರಲೇಬೇಕೆಂದು ನಿಶ್ಚಯವಾಯಿತು.

ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಝೆನ್ಯು ಟಿಯಾನ್, ಎಡ್ವರ್ಡ್ ಕೊಲೋಡ್ಜಿ, ವಾಷಿಂಗ್ಟನ್ ಸಂಸ್ಥಾನ ವಿಶ್ವವಿದ್ಯಾನಿಲಯದ ಜೆನಿಫರ್ ಮಕಿಂಟೈರ್ ಎಂಬ ವಿದುಷಿ ಮೊದಲಾದವರು ಟೈರಿನ ಪುಡಿಯನ್ನು ನೀರಿನಲ್ಲಿ ನೆನೆಯಿಸಿ ಸೋಸಿದರು. ಆ ನೀರೂ ಕೋಹೋ ಮೀನನ್ನು ಕೊಂದಿತು. ಅದರಲ್ಲಿ ೨೦೦೦ಕ್ಕೂ ಮೇಲ್ಪಟ್ಟು ರಾಸಾಯನಿಕ ವಸ್ತುಗಳಿದ್ದವು. ಅಕ್ಕಿಯಿಂದ ಕಲ್ಲನ್ನು ಆರಿಸುವವರಂತೆ, ಅವರು ಆ ನೀರನ್ನು ಭಾಗಭಾಗವಾಗಿ ಬೇರ್ಪಡಿಸಿ, ಯಾವ ಭಾಗದಲ್ಲಿ ಮೀನು ಸಾಯುವುದೋ ಅದನ್ನು ಮಾತ್ರ ಇಟ್ಟುಕೊಂಡು ಪುನಃ ಬೇರ್ಪಡಿಸುತ್ತ ಹೋದರು. ಕಡೆಗೆ ಉಳಿದ ವಸ್ತುವಿನ ಅಣುವಿನಲ್ಲಿ ೧೮ ಇಂಗಾಲ, ೨೨ ಜಲಜನಕ, ೨ ಸಾರಜನಕ, ೨ ಆಮ್ಲಜನಕ ಪರಮಾಣುಗಳಿದ್ದವು. ಟೈರಿಗೆ ಹಾಕುವ ವಸ್ತುಗಳ ಯಾವ ಪಟ್ಟಿಯಲ್ಲಿಯೂ ಇಂಥದೊಂದು ಇರಲಿಲ್ಲ. ಆದರೆ ೬ ಪಿ.ಪಿ.ಡಿ. ಎಂಬ ವಸ್ತು ಇತ್ತು. ಅದರ ಅಣುವಿನಲ್ಲಿ ೧೮ ಇಂಗಾಲ, ೨೪ ಜಲಜನಕ, ೨ ಸಾರಜನಕ. ಎರಡು ಜಲಜನಕ ಹೋಗಿ ಎರಡು ಆಮ್ಲಜನಕ ಬಂದರೆ ಲೆಕ್ಕ ಸರಿಹೋಗುತ್ತದೆ! ಅವರು ೬ ಪಿ.ಪಿ.ಡಿ.ಯನ್ನು ಓಜೋನ್ ವಾಯುವಿಗೆ ಒಡ್ಡಿದಾಗ ಅದೇ ವಸ್ತು ಹುಟ್ಟಿತು. ಅದಕ್ಕೆ ೬ ಪಿ.ಪಿ.ಡಿ. ಕ್ವಿನೋನ್ ಎಂದು ಹೆಸರು. ಈ ವರ್ತಮಾನವು ೨೦೨೦ರ ಡಿಸೆಂಬರಿನಲ್ಲಿ ಸೈನ್ಸ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು.

೬ ಪಿ.ಪಿ.ಡಿ.ಯನ್ನು ಟೈರಿಗೆ ಏಕೆ ಹಾಕಬೇಕೆಂದು ನೀವು ಕೇಳಬಹುದು. ಗಾಳಿಯಲ್ಲಿ ಸ್ವಲ್ಪ ಓಜೋನ್ ಯಾವಾಗಲೂ ಇರುತ್ತದೆ. ಅದು ರಬ್ಬರನ್ನು ಹಿಡಿದು ಬಿರುಕುಬಿಡಿಸುತ್ತದೆ. ೬ ಪಿ.ಪಿ.ಡಿ. ಟೈರಿನ ಒಳಗಿನಿಂದ ಮೆಲ್ಲಮೆಲ್ಲನೆ ಮೈಮೇಲಕ್ಕೆ ಬಂದು, ಓಜೋನು ರಬ್ಬರನ್ನು ಮುಟ್ಟುವ ಮುಂಚೆ ತಾನೇ ಅದಕ್ಕೆ ಎದುರಾಗಿ ನಿಂತು ಮಾರ್ಪಟ್ಟುಹೋಗುತ್ತದೆ. ಹೀಗೆ ಅದು ಟೈರನ್ನು ಕಾಯುತ್ತದೆ. ಟೈರು ಒಡೆದು ಪ್ರಯಾಣಿಕರಿಗೆ ಅಪಾಯವಾಗದಂತೆ ತಡೆಯುತ್ತದೆ. ಮನುಷ್ಯನ ಪ್ರಾಣವನ್ನು ಕಾಯಲೆಂದು ಹಾಕಿದ ವಸ್ತುವೇ, ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದರಿಂದಲೇ, ಮೀನಿಗೆ ವಿಷವಾಯಿತು. ಇದರಲ್ಲಿ ಯಾರೂ ಕೇಡನ್ನು ಬಯಸಿರಲಿಲ್ಲ. ಆದರೂ ಕೇಡು ನಡೆಯಿತು.

ಈ ವಿಷದ ತೀಕ್ಷ್ಣತೆಯನ್ನು ತಿಳಿಯಲು ಒಂದು ಲೆಕ್ಕವನ್ನು ಮಾಡೋಣ. ೨೦೨೨ರಲ್ಲಿ ಮತ್ತೆ ಅಳತೆ ಮಾಡಿದಾಗ, ಒಂದು ಲೀಟರು ನೀರಿನಲ್ಲಿ ಗ್ರಾಮಿನ ನೂರು ಕೋಟಿ ಪಾಲುಗಳಲ್ಲಿ ಸುಮಾರು ೯೫ ಪಾಲುಗಳಿದ್ದರೆ, ಒಂದು ಹಗಲು ಒಂದು ರಾತ್ರಿಯೊಳಗೆ ಎಳೆಯ ಕೋಹೋ ಮೀನುಗಳಲ್ಲಿ ಅರ್ಧ ಸಾಯುವುವೆಂದು ತಿಳಿಯಿತು. ಎಂದರೆ ಒಂದೇ ಒಂದು ಗ್ರಾಮು ವಿಷ, ಒಂದು ಕೋಟಿ ಲೀಟರಿಗೂ ಹೆಚ್ಚು ನೀರನ್ನು ಆ ಸ್ಥಿತಿಗೆ ತರಬಲ್ಲದು. ರೇನ್‌ಬೋ ಟ್ರೌಟ್ ಮುಂತಾದ ಬೇರೆ ಕೆಲವು ಮೀನುಗಳಿಗೂ ಇದು ಹಾನಿಕರವೆಂದು ಅನಂತರ ಗೊತ್ತಾಯಿತು. ಸಾಲ್ಮನ್ ಮೀನನ್ನು ತಮ್ಮ ಪೂರ್ವಿಕರ ಆಹಾರವೆಂದೂ ಪವಿತ್ರವಾದುದೆಂದೂ ಭಾವಿಸುವ ಯೂರೋಕ್, ಪುಯಾಲಪ್, ಪೋರ್ಟ್ ಗ್ಯಾಂಬಲ್ ಸ್ಕ್ಲಾಲಮ್ ಎಂಬ ಮೂರು ಆದಿನಿವಾಸಿ ಜನಾಂಗದವರು ೨೦೨೩ರಲ್ಲಿ ಅಮೆರಿಕಾ ಸರಕಾರಕ್ಕೆ ಅರ್ಜಿಯನ್ನು ಸಲ್ಲಿಸಿದರು. ಅದೇ ವರ್ಷ ಸರಕಾರವು ಅದನ್ನು ಅಂಗೀಕರಿಸಿತು. ಕ್ಯಾಲಿಫೋರ್ನಿಯಾ ಪ್ರಾಂತವು ಅದೇ ವರ್ಷ, ಇದಕ್ಕೆ ಬದಲಾಗಿ ನಿರಪಾಯವಾದ ಬೇರೆ ವಸ್ತುವನ್ನು ಹುಡುಕಬೇಕೆಂದು ಟೈರು ತಯಾರಿಸುವವರಿಗೆ ವಿಧಿಸಿತು.

ಈ ವೃತ್ತಾಂತದಲ್ಲಿ ಸಂತೋಷದ ಭಾಗವೂ ಒಂದುಂಟು. ವಿಷದ ಹೆಸರು ತಿಳಿಯುವುದಕ್ಕೆ ಮುಂಚೆಯೇ ಶೋಧಕರು ಹೆದ್ದಾರಿಯ ನೀರನ್ನು ಮರಳೂ ಎಲೆಗೊಬ್ಬರವೂ ಬೆರೆತ ಮಣ್ಣಿನ ಮೂಲಕ ಇಳಿಸಿ ನೋಡಿದ್ದರು. ಹಾಗೆ ಇಳಿದ ನೀರಿನಲ್ಲಿ ಕೋಹೋ ಮೀನುಗಳು ಬದುಕಿದವು! ಮೋಟಾರು ಗಾಡಿಯ ಯುಗದ ವಿಷವನ್ನು ಹಿಡಿದು ನಿಲ್ಲಿಸಿದುದು ನಮ್ಮ ಕಾಲಕೆಳಗಿನ ಬಡ ಮಣ್ಣು. ಈಗ ಅಲ್ಲಿ ರಸ್ತೆಯ ಬದಿಯಲ್ಲಿ ತಗ್ಗಾದ ಪಾತಿಗಳನ್ನು ಮಾಡಿ, ಗಿಡಗಳನ್ನು ನೆಟ್ಟು, ಮಳೆನೀರನ್ನು ಅವುಗಳ ಮೂಲಕ ಇಂಗಿಸುತ್ತಾರೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ನಮ್ಮ ನೇತ್ರಾವತಿಯಲ್ಲಿಯಾಗಲಿ ಕಾವೇರಿಯಲ್ಲಿಯಾಗಲಿ ಕೋಹೋ ಮೀನಿಲ್ಲ. ಚಮ್ ಮೀನು ಬದುಕಿದ ನೀರಿನಲ್ಲಿ ಕೋಹೋ ಸತ್ತಿತಾದ ಕಾರಣ, ಒಂದು ಮೀನಿನ ಲೆಕ್ಕವನ್ನು ಮತ್ತೊಂದಕ್ಕೆ ಹಾಗೆಯೇ ಹೊಂದಿಸುವುದು ಶಾಸ್ತ್ರಸಮ್ಮತವಲ್ಲ. ಆದರೆ ೬ ಪಿ.ಪಿ.ಡಿ.ಯು ಲೋಕದ ಎಲ್ಲ ಕಡೆಗಳ ಟೈರುಗಳಲ್ಲಿಯೂ ಬಳಕೆಯಲ್ಲಿದೆ. ತಾಮ್ರವೂ ಸತುವೂ ಎಣ್ಣೆಯೂ ಯಾವ ದೇಶದ ರಸ್ತೆಯನ್ನೂ ಬಿಟ್ಟಿಲ್ಲ. ನಮ್ಮಲ್ಲಿ ಬೇಸಗೆಯ ತಿಂಗಳುಗಳಲ್ಲಿ ರಸ್ತೆಯ ಮೇಲೆ ಕೂಡಿದ ಕೊಳೆಯನ್ನು ಮುಂಗಾರಿನ ಮೊದಲ ಮಳೆಗಳು ಒಮ್ಮೆಗೇ ತೊಳೆದುಕೊಂಡು ಹೋಗುತ್ತವೆ. ಬೆಂಗಳೂರಿನಲ್ಲಿ ಆ ನೀರು ರಾಜಕಾಲುವೆಗಳ ಮೂಲಕ ಕೆರೆಗಳಿಗೆ ಸೇರುತ್ತದೆ. ಕರಾವಳಿಯಲ್ಲಿ ಹೊಳೆಗೂ ಕಡಲಿಗೂ ಸೇರುತ್ತದೆ.

ಆದುದರಿಂದ ನಮ್ಮ ಕೈಯಲ್ಲಿರುವ ಕೆಲಸವನ್ನು ನಾವು ಮಾಡೋಣ. ಮನೆಯ ಅಂಗಳಕ್ಕೂ ದೇವಾಲಯದ ಪ್ರಾಕಾರಕ್ಕೂ ಶಾಲೆಯ ಬಯಲಿಗೂ ಸಿಮೆಂಟು ಕಲ್ಲನ್ನು ಹಾಸುವುದು ಈಗಿನ ರೂಢಿಯಾಗಿದೆ. ಕೆಸರಿಲ್ಲ, ಕಳೆಯಿಲ್ಲ, ವಾಹನ ನಿಲ್ಲಿಸಲು ಅನುಕೂಲ ಎಂಬ ಮಾತು ಸುಳ್ಳಲ್ಲ. ಆದರೂ ಪೂರ್ತಿ ಹಾಸುವ ಮೊದಲು, ಈ ನೀರು ಎಲ್ಲಿಗೆ ಹೋಗುವುದೆಂದು ಒಂದು ಸಲ ಕೇಳಿರಿ. ಇಳಿಜಾರಿನ ಅಂಚಿನಲ್ಲಿ ಒಂದು ಪಟ್ಟಿ ಮಣ್ಣನ್ನು ಬಿಟ್ಟು ಗಿಡ ನೆಡಿರಿ. ವಾಹನ ನಿಲ್ಲುವ ಸ್ಥಳದ ನೀರನ್ನು ನೆಟ್ಟಗೆ ಬಾವಿಗೆ ಬಿಡಬೇಡಿರಿ. ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಗೊಡಬೇಡಿರಿ. ನಿಮ್ಮಲ್ಲಿ ಅನೇಕರು ಇಂದು ಗೃಹಿಣಿಯರೂ ಉಪಾಧ್ಯಾಯಿನಿಯರೂ ಸಭೆಪಂಚಾಯತಿಗಳ ಸದಸ್ಯರೂ ಆಗಿದ್ದೀರಿ; ಇಂಥ ಪ್ರಶ್ನೆ ಬಂದಾಗ ನಿಮ್ಮ ಮಾತಿಗೆ ತೂಕವುಂಟು.

ಭೂಮಿಗೆ ನಾವು ಒಡೆಯರಲ್ಲ, ಮನೆವಾರ್ತೆಯವರು ಮಾತ್ರ ಎಂಬುದನ್ನು ನಾವು ಶಾಲೆಯಲ್ಲಿ ಬೈಬಲ್ ಪಾಠದ ವೇಳೆ ಕಲಿತೆವು. ಮನೆವಾರ್ತೆಯವನು ಲೆಕ್ಕ ಒಪ್ಪಿಸಬೇಕಾದವನು. ಸವೆದ ಟೈರಿನ ಲೆಕ್ಕವೂ ಅದರಲ್ಲಿ ಸೇರಿದೆ ಎಂಬುದನ್ನು ಸಿಯಾಟಲಿನ ಹಳ್ಳದ ಮೀನುಗಳು ನಮಗೆ ತಿಳಿಸಿವೆ.