ಬಂಗಾರದ ಆಸೆಗೆ ರವದಿ ಸುಡಬೇಡಿ

ಕಬ್ಬು ಕಟಾವಾಗಿ ಒಣ ಸೋಗೆ, ಅಂದರೆ ರವದಿ, ಉಳಿದ ಹೊಲದ ಬದುವಿನಲ್ಲಿ ನಿಂತರೆ ಸಾಕು, ಜಮಖಂಡಿ, ಮುಧೋಳದ ಕಡೆ ಒಂದೇ ಪ್ರಶ್ನೆ ಎದುರಾಗುತ್ತಿದೆ: "ಸಾಹೇಬ್ರ, ರವದಿ ಸುಟ್ಟು ಇದ್ದಿಲು ಮಾಡಿದ್ರ ಬಂಗಾರದ ಗಣಿಯವರು ತಗೋತಾರಂತ, ಖರೇ ಏನ್ರಿ?"

ಖರೇ ಅಲ್ಲ. ಹಟ್ಟಿಯಂಥ ಚಿನ್ನದ ಗಣಿಗಳಲ್ಲಿ ಅದಿರನ್ನು ನುಣ್ಣಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸುತ್ತಾರೆ. ಆ ಕೆಸರಿನಿಂದ ಚಿನ್ನ ಹಿಡಿಯುವುದು ಸಕ್ರಿಯ ಇಂಗಾಲದ ಹರಳು. ಕೆಸರಿನ ಜೊತೆ ತಾಸುಗಟ್ಟಲೆ ತಿರುಗಿದರೂ ಹರಳು ಸವೆಯಬಾರದು. ಪುಡಿಯಾದರೆ ಜರಡಿಯಿಂದ ಸೋರಿ ಚಿನ್ನವನ್ನೂ ಒಯ್ಯುತ್ತದೆ. ಅದಕ್ಕೇ ಆ ಹರಳಿಗೆ ತೆಂಗಿನ ಪರಟಿಯ ಇದ್ದಿಲು ಬೇಕು. ರವದಿಯ ಇದ್ದಿಲು ಬೆರಳಲ್ಲಿ ತಿಕ್ಕಿದರೆ ಮಸಿ.

ಪರಟಿ ಇದ್ದವರು ಇದ್ದಿಲು ಮಾಡಬಹುದು. 200 ಲೀಟರಿನ ಕಬ್ಬಿಣದ ಡ್ರಮ್ಮಿಗೆ ಕೆಳಗೆ, ನಡುವೆ, ಮೇಲೆ ಮೂರು ಸಾಲು ತೂತು ಹಾಕಿಸಿ. ನಾರು ತೆಗೆದು ಚೆನ್ನಾಗಿ ಒಣಗಿಸಿದ ಪರಟಿಗೆ ತಳದಲ್ಲಿ ಬೆಂಕಿ ಹಚ್ಚಿ, ಉರಿ ಏರಿದಂತೆ ಮೇಲಿಂದ ತುಂಬುತ್ತ ಹೋಗಿ. ಕೆಳಗಿನ ತೂತಿನಲ್ಲಿ ಕೆಂಡ ಕಂಡ ಕೂಡಲೇ ಆ ಸಾಲು ಮುಚ್ಚಿ. ಆಮೇಲೆ ನಡುವಿನದು, ಕಡೆಗೆ ಮೇಲಿನದು. ಹೊಗೆ ತೆಳುವಾದಾಗ ಮುಚ್ಚಳ ಹಾಕಿ, ಸಂದಿಗೆಲ್ಲ ಹಸಿಮಣ್ಣು ಮೆತ್ತಿ.

ಇಲ್ಲಿಯೇ ಎಲ್ಲರೂ ಕೆಡಿಸುವುದು. "ಆಗೇತೇನು ನೋಡೂಣು" ಎಂದು ಅರ್ಧ ತಾಸಿಗೆ ಮುಚ್ಚಳ ಎತ್ತುತ್ತೀರಿ. ಗಾಳಿ ಹೊಕ್ಕಿತು, ಕೆಂಡ ಬೂದಿಯಾಯಿತು. ಇಲ್ಲವೇ ಅವಸರಕ್ಕೆ ಕೊಡ ನೀರು ಸುರಿಯುತ್ತೀರಿ. ಇದ್ದಿಲು ಸೀಳಿ ಒದ್ದೆಯಾಗುತ್ತದೆ, ಕೊಳ್ಳುವವನು ತೂಕ ಕಡಿಯುತ್ತಾನೆ. ಎಷ್ಟು ಸಲ ಹೇಳಬೇಕು? ರಾತ್ರಿಯಿಡೀ ಬಿಡಿ, ಡ್ರಮ್ಮು ಕೈಗೆ ತಣ್ಣಗೆ ಹತ್ತಿದ ಮೇಲೆ ತೆಗೆಯಿರಿ. ಒಂದು ತುಂಡು ಮುರಿದು ನೋಡಿ: ಮುರಿದ ಜಾಗ ಕಪ್ಪಾಗಿ ಮಿಂಚಬೇಕು, ಕಲ್ಲಿಗೆ ಬಡಿದರೆ ಠಣ್ ಎನ್ನಬೇಕು. ಕಂದು ಕಂಡರೆ ಬೆಂದಿಲ್ಲ, ಬಿಳಿ ಬೂದಿ ಹತ್ತಿದ್ದರೆ ಗಾಳಿ ಹೊಕ್ಕಿದೆ.

100 ಕಿಲೋ ಒಣ ಪರಟಿಗೆ 25ರಿಂದ 30 ಕಿಲೋ ಇದ್ದಿಲು. ಒಂದು ಟನ್ ಇದ್ದಿಲಿಗೆ ಸುಮಾರು 30,000 ಇಡೀ ಪರಟಿ ಬೇಕು. ನಮ್ಮ ಕಡೆ ಒಂದು ಮನೆಯಿಂದ ಆಗುವ ಮಾತಲ್ಲ. ಗುಡಿ, ಖಾನಾವಳಿ, ಮದುವೆ ಮನೆಗಳಿಂದ ಊರೇ ಸೇರಿ ಕೂಡಿಸಬೇಕು.

ರೈತನ ಕೆಲಸ ಇದ್ದಿಲಿಗೆ ಮುಗಿಯಿತು. ಅದನ್ನು ಸಕ್ರಿಯಗೊಳಿಸಲು 900 ಡಿಗ್ರಿ ಸೆಲ್ಸಿಯಸ್ ಮೇಲಿನ ಶಾಖದಲ್ಲಿ ಹಬೆ ಹಾಯಿಸಬೇಕು. ಅದು ಕಾರ್ಖಾನೆಯ ಕೆಲಸ. ಮನೆಯಲ್ಲಿ ಆ್ಯಸಿಡ್, ಸತುವಿನ ಕ್ಲೋರೈಡ್ ತಂದು ಪ್ರಯೋಗ ಮಾಡಬೇಡಿ. ಸೈನೈಡಿನ ಹೆಸರೂ ಎತ್ತಬೇಡಿ, ಅದು ಜೀವ ತೆಗೆಯುತ್ತದೆ. ಮುಂಗಡ ಕಟ್ಟಿಸಿಕೊಂಡು ಯಂತ್ರ ಕೊಡುತ್ತೇವೆ, ಮಾಲು ನಾವೇ ಕೊಳ್ಳುತ್ತೇವೆ ಎನ್ನುವವರನ್ನು ನಾನು ನಂಬುವುದಿಲ್ಲ. ನೀವೂ ನಂಬಬೇಡಿ.

ಇನ್ನು ರವದಿ. ಅದನ್ನು ಸುಟ್ಟರೆ ಸಾರಜನಕ ಹೊಗೆಯಲ್ಲಿ ಹೋಗುತ್ತದೆ. ಕುಳೆ ಬಿಡುವವರು ಸಾಲಿನ ನಡುವೆ ಹರಡಿ, ಒಂದು ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್ ಎರಚಿ, 1 ಕಿಲೋ ಕೊಳೆಸುವ ಜೀವಾಣು ಪುಡಿಯನ್ನು ತಿಪ್ಪೆಗೊಬ್ಬರದಲ್ಲಿ ಬೆರೆಸಿ ಚೆಲ್ಲಿ, ಅವತ್ತೇ ನೀರು ಬಿಡಿ. ಒಣ ರವದಿಯ ಮೇಲೆ ಯೂರಿಯಾ ಚೆಲ್ಲಿ ವಾರ ಬಿಟ್ಟರೆ ಗೊಬ್ಬರ ಗಾಳಿಗೆ ಹೋಯಿತು. ಈ ಸಲ ಕಡ್ಡಿ ಗೀರುವ ಮುನ್ನ ಆ ಯೂರಿಯಾ ಚೀಲ ಹೊಲಕ್ಕೆ ಬಂದಿರಲಿ.